ಅಕ್ಕ ತೊಳೆದ ಅಂಗಿ

ಪ್ರೀತಿಯ ಪುಟ್ಟು,

ನಿನ್ನ ಕಾದಂಬರಿ ಎರಡು ಸಲ ಓದಿದೆ. ಮೊದಲ ಸಲ ಕಥೆಗಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ತಮ್ಮ ಕೊಲೆ ಮಾಡಿ ರಾತ್ರಿ ಮನೆಗೆ ಬರುತ್ತಾನೆ, ಅಕ್ಕ ಏನೂ ಕೇಳದೆ ಅವನನ್ನು ಒಳಗೆ ಕರೆದು ಚಿಲಕ ಹಾಕುತ್ತಾಳೆ. ಆ ಪುಟ ಓದುವಾಗ ನನ್ನ ಕೈ ನಡುಗಿತು. ಅದನ್ನು ಮುಟ್ಟಬೇಡ, ಹಾಗೇ ಇರಲಿ.

ಆದರೆ ಮುಂದಿನ ಪುಟದಲ್ಲಿ ಅವಳು ರಕ್ತದ ಅಂಗಿಯನ್ನು ಕುದಿಯುವ ನೀರಿಗೆ ಹಾಕುತ್ತಾಳಲ್ಲ, ಅದು ತಪ್ಪು ಕಣೋ. ಬಿಸಿನೀರು ಬಿದ್ದರೆ ರಕ್ತದ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಲ್ಲಿ ನೆನೆಸಬೇಕು. ಹನ್ನೆರಡು ಹದಿಮೂರನೇ ವಯಸ್ಸಿಗೇ ಹೆಣ್ಣುಮಕ್ಕಳಿಗೆ ಇದು ಗೊತ್ತಾಗಿರುತ್ತದೆ. ನಿನ್ನ ಕಥೆಯ ಅಕ್ಕನೂ ಯೋಚನೆ ಮಾಡದೇ ತಣ್ಣೀರಿನ ನಲ್ಲಿ ತಿರುಗಿಸಬೇಕು. ಅಲ್ಲೇ ಇದೆ ನೋಡು ನಿನ್ನ ಕಥೆ. ತಲೆ ಇನ್ನೂ ಏನೂ ತೀರ್ಮಾನ ಮಾಡಿಲ್ಲ, ಕೈ ಆಗಲೇ ತಮ್ಮನ ಕಡೆ ಸೇರಿಬಿಟ್ಟಿದೆ. ಕಣ್ಣಿಗೆ ಕಾಣದ ಹಾಗೆ ತೊಳೆದ ಕಲೆಯೂ ಲುಮಿನಾಲ್ ಅನ್ನುವ ರಾಸಾಯನಿಕ ಸಿಂಪಡಿಸಿದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವುದುಂಟು. ತನಿಖೆಯ ಭಾಗದಲ್ಲಿ ಇದನ್ನು ಸೇರಿಸಿಕೋ. ಉಳಿದಂತೆ ತನಿಖೆ ಚೆನ್ನಾಗಿ ಬಂದಿದೆ.

ಕಥೆ ಯಾವ ದೇಶದಲ್ಲಿ ನಡೆಯುತ್ತದೆ ಅಂತ ನೀನು ಎಲ್ಲೂ ಹೇಳಿಲ್ಲ. ಅದನ್ನು ಮೊದಲು ನಿರ್ಧಾರ ಮಾಡು. ಭಾರತದ ಕಾನೂನಿನಲ್ಲಿ ಅಪರಾಧಿಯನ್ನು ಬಚ್ಚಿಟ್ಟ ಗಂಡ ಅಥವಾ ಹೆಂಡತಿಗೆ ವಿನಾಯಿತಿ ಇದೆ, ಅಕ್ಕನಿಗೆ ಇಲ್ಲ. ಜರ್ಮನಿಯಲ್ಲಾದರೆ ಹತ್ತಿರದ ಸಂಬಂಧಿಕರನ್ನು ಶಿಕ್ಷೆಯಿಂದ ತಪ್ಪಿಸಲು ನೋಡಿದವರನ್ನು ಆ ಕಾರಣಕ್ಕೆ ಶಿಕ್ಷಿಸುವುದಿಲ್ಲ. ಅಕ್ಕ ಎಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಂಡಳು ಅನ್ನುವುದು ಇದರಿಂದಲೇ ಗೊತ್ತಾಗುವುದು.

ಈಗ ನನ್ನ ದೊಡ್ಡ ತಕರಾರು. ಕೊನೆಯ ಅಧ್ಯಾಯದಲ್ಲಿ ತಮ್ಮ ಪೊಲೀಸರಿಗೆ ಶರಣಾಗುತ್ತಾನೆ, ಅಕ್ಕ ತಮ್ಮ ತಬ್ಬಿಕೊಂಡು ಅಳುತ್ತಾರೆ, ಪ್ರಾಯಶ್ಚಿತ್ತ ಆಯಿತು ಅಂತ ಮುಗಿಸಿದ್ದೀಯ. ಇಷ್ಟೇನಾ? ರಷ್ಯಾದ ದಾಸ್ತೋಯೆವ್‌ಸ್ಕಿ 1866ರಲ್ಲಿ ಬರೆದ ಕೊಲೆಯ ಕಥೆ ‘ಅಪರಾಧ ಮತ್ತು ಶಿಕ್ಷೆ’ ನಿನಗೆ ಗೊತ್ತಲ್ವಾ? ಆರು ಭಾಗಗಳಲ್ಲಿ ಮೊದಲನೆಯದರಲ್ಲೇ ಕೊಲೆ ನಡೆದುಹೋಗುತ್ತದೆ. ತಪ್ಪು ಒಪ್ಪಿಕೊಳ್ಳುವುದು ಆರನೇ ಭಾಗದ ಕೊನೆಗೆ. ಆಗಲೂ ಕೊಲೆಗಾರನಿಗೆ ನಿಜವಾದ ಪಶ್ಚಾತ್ತಾಪ ಆಗಿರುವುದಿಲ್ಲ. ಮನಸ್ಸು ಕರಗುವುದು ಆಮೇಲೆ, ಸೈಬೀರಿಯಾದ ಸೆರೆಯಲ್ಲಿ.

ನಿಜವಾಗಿ ನಡೆದದ್ದೂ ಒಂದಿದೆ. ಅಮೆರಿಕದಲ್ಲಿ 1978ರಿಂದ 1995ರವರೆಗೆ ಒಬ್ಬ ಬಾಂಬ್ ಕಳಿಸುತ್ತಿದ್ದ. ಮೂವರು ಸತ್ತರು, 23 ಮಂದಿ ಗಾಯಗೊಂಡರು. 1995ರಲ್ಲಿ ಅವನ ಉದ್ದನೆಯ ಬರಹ ಪತ್ರಿಕೆಯಲ್ಲಿ ಅಚ್ಚಾಯಿತು. ಡೇವಿಡ್ ಕಜಿನ್‌ಸ್ಕಿ ಅನ್ನುವವನ ಹೆಂಡತಿಗೆ ಆ ಬಾಂಬ್ ಕಳಿಸುವವನು ತನ್ನ ಗಂಡನ ಅಣ್ಣ ಟೆಡ್ ಇರಬಹುದು ಅನ್ನಿಸಿತ್ತು. ಡೇವಿಡ್ ಓದಿ ನೋಡಿದ. ಮಾತಿನ ಧಾಟಿ ಅಣ್ಣನದೇ. ಬಾಯಿ ಮುಚ್ಚಿಕೊಂಡರೆ ಇನ್ನೊಬ್ಬರು ಸಾಯಬಹುದು, ಬಾಯಿ ಬಿಟ್ಟರೆ ಅಣ್ಣನಿಗೆ ಮರಣದಂಡನೆ ಆಗಬಹುದು. ಕೊನೆಗೆ ಹೇಳಿದ. 1998ರಲ್ಲಿ ಅಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ಸಿಕ್ಕ ಬಹುಮಾನದ ಹಣದಲ್ಲಿ ಹೆಚ್ಚಿನ ಪಾಲನ್ನು ಡೇವಿಡ್ ಬಾಂಬಿಗೆ ಬಲಿಯಾದವರ ಮನೆಗಳಿಗೆ ಕೊಟ್ಟ. ಜೈಲಿಗೆ ವರ್ಷಗಟ್ಟಲೆ ಕಾಗದ ಬರೆದ, ಅಣ್ಣ ಒಂದಕ್ಕೂ ಉತ್ತರ ಕೊಡಲಿಲ್ಲ. ಇವನು ಅಣ್ಣನಿಗೆ ದ್ರೋಹ ಮಾಡಿದನೋ, ಅಣ್ಣನನ್ನು ಕೈಬಿಡದೇ ನಿಂತನೋ? ನಾನು ಎರಡನೆಯದನ್ನೇ ನಂಬುತ್ತೇನೆ. ನಿನ್ನ ಕಾದಂಬರಿಯ ಅಕ್ಕನಿಗೆ ಇಂಥ ಒಂದು ರಾತ್ರಿಯಾದರೂ ಬೇಡವೇ? ಅವಳು ಒಮ್ಮೆಯೂ ಫೋನ್ ಕಡೆ ನೋಡುವುದೇ ಇಲ್ಲ.

ಇನ್ನೊಂದು ವಿಷಯ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ. ನಿನ್ನ ಮಾವ ಹುಡುಗನಾಗಿದ್ದಾಗ ಕೆಲಸದ ಜಾಗದಲ್ಲಿ ಹಣ ಎತ್ತಿದ್ದ. ಆ ಹಣದ ಹೊಣೆ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರ ತಲೆಗೆ ಬಂತು. ಅವರು ನಮ್ಮ ಮನೆಗೆ ಹುಡುಕಿಕೊಂಡು ಬಂದರು. ನಾನು ಬಾಗಿಲಲ್ಲಿ ನಿಂತು ತಮ್ಮ ಮನೆಯಲ್ಲಿಲ್ಲ ಅಂದೆ. ಅವರು ಏನೂ ಮಾತಾಡಲಿಲ್ಲ. ಹೊಸ್ತಿಲ ಹತ್ತಿರ ಬಿಟ್ಟಿದ್ದ ಅವನ ಚಪ್ಪಲಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಹೊರಟುಹೋದರು. ತಮ್ಮನನ್ನು ಉಳಿಸಿದೆ ಅಂತ ಆ ಹೊತ್ತಿಗೆ ಸಮಾಧಾನ ಆಗಿತ್ತು. ಆ ನೋಟ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಾವ ಆಮೇಲೆ ತಾನೇ ಹೋಗಿ ಎಲ್ಲ ಒಪ್ಪಿಕೊಂಡ. ಕೆಲಸ ಹೋಯಿತು. ತಿಂಗಳು ತಿಂಗಳೂ ಲಕೋಟೆಯಲ್ಲಿ ಹಣ ಹಾಕಿಕೊಂಡು ಅವರ ಮನೆಗೆ ಹೋಗುತ್ತಿದ್ದ. ಅವರು ಒಂದು ದಿನವೂ ಒಳಗೆ ಕರೆಯಲಿಲ್ಲ, ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು. ಕೊನೆಯ ಕಂತು ಕೊಟ್ಟ ದಿನ ಎಣಿಸಿ ನೋಡಿ, ಸರಿ ಇದೆ ಅಂದರಂತೆ. ಅಷ್ಟೇ. ತಬ್ಬಿಕೊಳ್ಳಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ. ಅವರು ಯಾಕೆ ಕ್ಷಮಿಸಬೇಕು? ಆದರೂ ಮಾವ ಆ ದಿನ ಮನೆಗೆ ಬಂದವನು ಬಹಳ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ ಮಲಗಿ ಬೆಳಗಿನವರೆಗೂ ನಿದ್ದೆ ಮಾಡಿದ. ಇದನ್ನು ಅವನನ್ನು ಕೇಳಿಯೇ ನಿನಗೆ ಬರೆಯುತ್ತಿದ್ದೇನೆ. ಪುಟ್ಟುವಿನ ಪುಸ್ತಕಕ್ಕೆ ಉಪಯೋಗ ಆಗುವುದಾದರೆ ಹೇಳು ಅಂದ.

ನಿನ್ನ ಕಾದಂಬರಿಯಲ್ಲಿ ಸತ್ತವನ ಹೆಂಡತಿ ಬರುವುದು ಎರಡೇ ಕಡೆ. ಎರಡೂ ಕಡೆ ಅಳುತ್ತಾಳೆ, ಅಷ್ಟೇ. ಅವಳಿಗೂ ಒಂದು ಮನೆ ಇದೆ, ಆ ಮನೆಯಲ್ಲೂ ಅಕ್ಕ ತಮ್ಮಂದಿರು ಇರುತ್ತಾರೆ ಅಲ್ವಾ? ಅವಳಿಗೊಂದು ಅಧ್ಯಾಯ ಕೊಡು. ಅಂಗಿ ತೊಳೆದ ಅಕ್ಕ ಅವಳ ಬಾಗಿಲು ತಟ್ಟಲಿ. ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಬರೆಯುತ್ತಾ ನಿನಗೇ ಗೊತ್ತಾಗುತ್ತದೆ. ಮೊದಲೇ ತೀರ್ಮಾನ ಮಾಡಿಕೊಂಡು ಕೂರಬೇಡ.

ಬರೆದಾದ ಮೇಲೆ ಮೊದಲು ನನಗೇ ಕಳಿಸು. ಕನ್ನಡಕ ಬದಲಾಯಿಸಿದ್ದೇನೆ, ಸಣ್ಣ ಅಕ್ಷರ ಆದರೂ ಓದುತ್ತೇನೆ.

ನಿನ್ನ
ದೊಡ್ಡಮ್ಮ