ಲೈಬ್ರರಿಯಲ್ಲಿ ಸಿಕ್ಕ ಅಕ್ಕನಿಗೆ ಧನ್ಯವಾದ

ಅಕ್ಕಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮ ಚರ್ಚ್ ಸಭೆಯ ಲೈಬ್ರರಿಯಲ್ಲಿ ಯಾವ ಪುಸ್ತಕ ತೆಗೆದುಕೊಳ್ಳಲಿ ಎಂದು ನಿಂತಿದ್ದಾಗ ನೀವೇ ಬಂದು ಮಾತಾಡಿಸಿದಿರಿ. ಈಗ ಮನಸ್ಸಿನಲ್ಲಿರುವುದು ಏನು ಎಂದು ಮೊದಲು ಕೇಳಿದಿರಿ. ಪ್ರಾರ್ಥಿಸಲು ಮಾತೇ ಬರುತ್ತಿಲ್ಲ ಎಂದೆ. ಬೈಬಲ್‌ನ ಕೀರ್ತನೆಗಳ ಮೇಲಿನ ಒಂದು ಸಣ್ಣ ಧ್ಯಾನದ ಪುಸ್ತಕ ಕೈಗಿಟ್ಟಿರಿ. ಕೀರ್ತನೆಗಳು 150 ಇವೆ, ದಿನಕ್ಕೊಂದು ಸಾಕು, ಅವಸರ ಬೇಡ ಅಂದಿರಿ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ನಿಮ್ಮ ಇನ್ನೊಂದು ಮಾತು. ಲೇಖಕರು ಎಷ್ಟೇ ದೊಡ್ಡವರಾಗಿರಲಿ, ಅವರು ಕೊಟ್ಟ ವಚನವನ್ನು ಬೈಬಲ್‌ನಲ್ಲೇ ತೆಗೆದು, ಹಿಂದಿನ ಮುಂದಿನ ವಚನಗಳ ಜೊತೆ ಓದಬೇಕು. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೂ ಹೀಗೆಯೇ ಶಾಸ್ತ್ರದಲ್ಲಿ ಹುಡುಕಿ ನೋಡಿದರು, ಅಲ್ವಾ (ಅಪೊಸ್ತಲರ ಕೃತ್ಯಗಳು 17:11)? ಈಗ ಪುಸ್ತಕ ಆರಿಸುವಾಗ ಗೊಂದಲವಿಲ್ಲ. ಪ್ರಾರ್ಥನೆಗೂ ಮಾತು ಸಿಗುತ್ತಿದೆ. ತುಂಬಾ ಧನ್ಯವಾದ ಅಕ್ಕಾ.