ಭಾನುವಾರದ ಮದುವೆ: ಲೈಟ್ ಹಿಡಿಯೋರ ಗಮನಕ್ಕೆ

ಬಸವನಗುಡಿ ಛತ್ರಕ್ಕೆ ಅಸಿಸ್ಟ್ ಮಾಡೋರು ಬೆಳಿಗ್ಗೆ 5ಕ್ಕೇ ಬನ್ನಿ. ಮೊದಲು ಮೂರೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸಿ. ಇಲ್ಲದಿದ್ದರೆ ಆಲ್ಬಂ ಜೋಡಿಸುವಾಗ ಧಾರೆಗಿಂತ ಮುಂಚೆ ಸಪ್ತಪದಿ ಬಂದು ಕೂರುತ್ತದೆ.

ಫ್ಲ್ಯಾಶ್ ಸೆಲ್‌ಗಳನ್ನು ನಾಲ್ಕು ನಾಲ್ಕಾಗಿ ರಬ್ಬರ್ ಬ್ಯಾಂಡ್ ಹಾಕಿಡಿ. ಹಳತು ಹೊಸತು ಬೆರೆಸಬೇಡಿ. ಒಂದು ಸೊರಗಿದ್ದರೂ ಫ್ಲ್ಯಾಶ್ ಚಾರ್ಜ್ ಆಗೋದು ನಿಧಾನ, ಸರಿಯಾಗಿ ಅಕ್ಷತೆ ಬೀಳುವಾಗಲೇ ಕೈಕೊಡುತ್ತದೆ. ಲೈಟ್ ಸ್ಟ್ಯಾಂಡಿನ ಒಂದು ಕಾಲು ಸಾಫ್ಟ್‌ಬಾಕ್ಸ್ (ಬೆಳಕು ಮೃದು ಮಾಡೋ ಬಟ್ಟೆ ಪೆಟ್ಟಿಗೆ) ವಾಲಿರುವ ಕಡೆಗೇ ಇರಲಿ, ಅದರ ಮೇಲೆ ಮರಳು ಚೀಲ. ಮಕ್ಕಳು ಓಡಾಡ್ತಾರೆ, ವೈರಿಗೆಲ್ಲ ಟೇಪ್ ಹಾಕಿ.

ಹೋಮದ ಹೊಗೆ ಎದ್ದರೆ ಲೈಟನ್ನು ಕ್ಯಾಮೆರಾ ಹತ್ತಿರದಿಂದ ಬದಿಗೆ ಒಯ್ಯಿರಿ. ನೇರ ಬೆಳಕು ಬಿದ್ದರೆ ಹೊಗೆ ಬೆಳ್ಳನೆ ಪರದೆಯಾಗಿ ಮುಖವೇ ಕಾಣಲ್ಲ.

ತುಂಬಿದ ಮೆಮೊರಿ ಕಾರ್ಡು ಎರಡು ಕಡೆ ಕಾಪಿ ಆಗುವವರೆಗೆ ಫಾರ್ಮ್ಯಾಟ್ ಮಾಡುವಂತಿಲ್ಲ. ತಿಂಡಿ ಮೊದಲ ಪಂಕ್ತಿಯಲ್ಲೇ ಮುಗಿಸಿ.