ಗುಂಡಿ ಹಾಕಲು ಕಲಿಸಿದ ಅಕ್ಕನಿಗೆ

ನನ್ನ 4 ವರ್ಷದ ಮಗಳು ಮೊದಲ ವಾರವಿಡೀ ತರಗತಿಯ ಬಾಗಿಲಲ್ಲೇ ಅಳುತ್ತಿದ್ದಳು. ಅದರಲ್ಲೊಂದು ದಿನ ಅವಳನ್ನು ಬಿಟ್ಟು ಹೊರಡಲು ನನಗೂ ಕಾಲೇ ಏಳಲಿಲ್ಲ.

ನೀವು ಬಂದು ಸುಮ್ನೆ ಅವಳ ಪಕ್ಕ ನೆಲದ ಮೇಲೆ ಕೂತಿರಿ. ಜಾಸ್ತಿ ಮಾತಿಲ್ಲ. ಅವಳ ಸ್ವೆಟರಿನ ಗುಂಡಿಯನ್ನು ತೂತಿನಲ್ಲಿ ಅರ್ಧ ತೂರಿಸಿ, ಉಳಿದರ್ಧ ಎಳೆಯಲು ಅವಳಿಗೇ ಬಿಟ್ಟಿರಿ. ಒಂದು, ಎರಡು, ಮೂರು... ಒಂದೊಂದನ್ನೂ ಮುಟ್ಟಿ ಎಣಿಸುವಷ್ಟರಲ್ಲಿ ಅಳು ನಿಂತೇ ಹೋಗಿತ್ತು.

"ಪೆನ್ಸಿಲ್ ಹಿಡಿಯೋ ಮೊದಲು ಬೆರಳಿಗೆ ಬಲ ಬರಬೇಕಲ್ವಾ" ಎಂದಿರಿ. ಅಕ್ಷರ ಯಾವಾಗ ಕಲಿಸುತ್ತಾರೋ ಎಂಬ ನನ್ನ ಚಿಂತೆ ಅಲ್ಲೇ ಇಳಿಯಿತು.

ಈಗ ಅವಳು ಜಾರುಬಂಡೆಯ ಹತ್ತಿರ ತನ್ನ ಸರದಿಗೆ ಕಾಯುತ್ತಾಳೆ. ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ತುಂಬಾ ಥ್ಯಾಂಕ್ಸ್ ಅಕ್ಕಾ. ನಿನ್ನೆ ನನ್ನ ಸ್ವೆಟರಿನ ಗುಂಡಿಯನ್ನೂ ಅವಳೇ ಹಾಕಿದಳು.